ಒಂದನೇ ಸ್ಥಾನ ಯಾವುದಕ್ಕೆ?

ಹಲ್
ಸೋಮವಾರ, ಮಾರ್ಚ್ 1, 1999

ಶೆಲಿ,

ಹದಿನಾಲ್ಕು ತಿಂಗಳಾದ ಮೇಲೆ ಅಪ್ಪನ ಅಕ್ಷರ ಕಂಡು ಲಕೋಟೆಯನ್ನು ಒಲೆಗೆ ಹಾಕಬೇಡ. ಹಾಕುವುದಾದರೆ ಓದಿಯಾದರೂ ಹಾಕು. ಎರಡು ಸಲ ಫೋನ್ ಮಾಡಿದೆ, ನನ್ನ ದನಿ ಕೇಳಿದ ತಕ್ಷಣ ನೀನು ಇಟ್ಟುಬಿಟ್ಟೆ. ಮೂರನೆಯ ಸಲ ನಿನ್ನ ಬ್ರೆಂಡಾ ಚಿಕ್ಕಮ್ಮ ಎತ್ತಿ, ಅವಳು ಮೊಟ್ಟೆ ಹುರೀತಿದಾಳೆ ಅಂದಳು. ಅವಳದಲ್ಲದೆ ಸ್ಕಾರ್ಬರೊದ ಇನ್ನಾವ ವಸತಿಮನೆಯಲ್ಲಿ ಸಂಜೆ ಆರಕ್ಕೆ ಬೆಳಗಿನ ತಿಂಡಿ ಮಾಡುತ್ತಾರೋ ನನಗೆ ತಿಳಿಯದು. ಅದಕ್ಕೇ ಕಾಗದ.

ವಿಷಯ ನಿನ್ನ ಕೋಣೆಯ ರೇಡಿಯೊದ್ದು. ನೀನು ಹೋದ ಮೇಲೆ ಅಲ್ಲಿ ಒಂದು ಕಡ್ಡಿಯನ್ನೂ ಅಲುಗಿಸಿಲ್ಲ. ನಿನ್ನೆ ಭಾನುವಾರ ಸಂಜೆ ಆರೂವರೆ ಹೊತ್ತಿಗೆ ನಾನು ಕೆಳಗೆ ಆಲೂಗಡ್ಡೆ ಸುಲಿಯುತ್ತಿದ್ದೆ. ಮೇಲೆ ಯಾರೋ ಹೆಂಗಸು "ಹತ್ತು" ಅಂದಳು. ಅಷ್ಟೆ. ಹಿಂದೆ ಹಾಡಿಲ್ಲ, ಮುಂದೆ ಮಾತಿಲ್ಲ. ಹತ್ತಿ ಹೋಗಿ ನೋಡಿದರೆ ರೇಡಿಯೊ ಆರಿದೆ, ಮೇಲೆ ಒಂದು ಬೆರಳು ದಪ್ಪ ಧೂಳು. ಹೋದ ಭಾನುವಾರ ಹನ್ನೊಂದು ಅಂದಿದ್ದಳು. ಅದರ ಹಿಂದಿನ ವಾರ ಹನ್ನೆರಡು. ಅದಕ್ಕೂ ಮುಂಚೆ ಏನೇನು ಅಂದಳೋ, ಆಗೆಲ್ಲ ಭಾನುವಾರ ನಾನು ಪಾರಿವಾಳಗಳ ಹತ್ತಿರ ಇರುತ್ತಿದ್ದೆ. ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲಿದ್ದೇನೆ.

ಅಲಾರಂ ಕಟ್ಟುವ ಹಾಗೆ ಆ ಯಂತ್ರಕ್ಕೆ ಏನಾದರೂ ಸಮಯ ಕಟ್ಟಿ ಹೋಗಿದ್ದೀಯಾ? ಇದ್ದರೆ ಹೇಗೆ ಬಿಚ್ಚುವುದೆಂದು ಒಂದು ಸಾಲು ಬರೆ.

ಇಂತಿ ನಿನ್ನ
ಅಪ್ಪ (ಡೆರಿಕ್ ಎಂದು ಬರೆದರೆ ಗುರುತು ಸಿಗುತ್ತದೋ ಏನೋ)

ಮರೆತಿದ್ದೆ: ಈ ವಾರ ಒಂದನೇ ಸ್ಥಾನ ಯಾವುದಕ್ಕೆ?

*

ಸ್ಕಾರ್ಬರೊ
ಮಾರ್ಚ್ 6

ಅಪ್ಪ,

ರೇಡಿಯೊಗೆ ನಾನು ಏನೂ ಕಟ್ಟಿಲ್ಲ. ಪಕ್ಕದ ಮನೆಯವರದ್ದು ಇರಬೇಕು. ಗೋಡೆ ತೆಳು, ಅವರ ಜಗಳವೆಲ್ಲ ನಮಗೆ ಬಾಯಿಪಾಠ ಇತ್ತಲ್ಲ.

ಒಂದನೇ ಸ್ಥಾನ ಯಾವುದಕ್ಕೋ ನನಗೆ ಗೊತ್ತಿಲ್ಲ. ಭಾನುವಾರ ಸಂಜೆ ರೇಡಿಯೊದಲ್ಲಿ ನಲವತ್ತರಿಂದ ಒಂದರವರೆಗೆ ಇಳಿಯುತ್ತಾ ಬರುವ ಹಾಡಿನ ಪಟ್ಟಿ ಕೇಳುವುದು ಬಿಟ್ಟು ಹದಿನಾಲ್ಕು ತಿಂಗಳಾಯಿತು. ಯಾಕೆ ಬಿಟ್ಟೆನೆಂದು ನಿನಗೆ ನೆನಪಿಲ್ಲದಿದ್ದರೆ ಹೇಳುತ್ತೇನೆ. ಕಳೆದ ವರ್ಷ ಜನವರಿಯ ಒಂದು ಭಾನುವಾರ ನನ್ನ ಬಳಿ ಖಾಲಿ ಕ್ಯಾಸೆಟ್ ಮುಗಿದಿತ್ತು. ಅಡುಗೆಮನೆಯ ಡ್ರಾಯರಿನಲ್ಲಿ ಹೆಸರು ಬರೆಯದ ಒಂದು ಸಿಕ್ಕಿತು. ಅದರ ಮೇಲೆ ಆ ವಾರದ ಇಪ್ಪತ್ತು ಹಾಡು ತುಂಬಿಸಿದೆ. ಅಮ್ಮ ಆಸ್ಪತ್ರೆಯ ಹಾಸಿಗೆಯಲ್ಲಿ ಕುಳಿತು, ನನಗೆ ಹದಿನೆಂಟು ತುಂಬಿದ ದಿನ ಕೇಳಲೆಂದು ಮಾತಾಡಿಟ್ಟ ಕ್ಯಾಸೆಟ್ ಅದು ಅಂತ ನನಗೆ ಯಾರೂ ಹೇಳಿರಲಿಲ್ಲ. ಆಗ ನೀನು ಅಂದದ್ದು ಇದು: "ನಿಮ್ಮಮ್ಮನ್ನ ಎರಡನೇ ಸಲ ಸಾಯಿಸಿದೆ ಕಣೇ." ನಾನು ಬಾಯಿ ತೆರೆಯುವುದಕ್ಕೂ ಬಿಡಲಿಲ್ಲ.

ಅದಾದ ಮೇಲೆ ಯಾವ ಹಾಡು ಮೇಲೆ ಹೋದರೇನು, ಕೆಳಗೆ ಬಿದ್ದರೇನು.

ಶೆಲಿ

*

ಹಲ್
ಮಾರ್ಚ್ 15

ಶೆಲಿ,

ಪಕ್ಕದ ಮನೆಯವರು ಕ್ರಿಸ್ಮಸ್ಸಿಗೇ ಖಾಲಿ ಮಾಡಿದರು. ಮನೆ ಬೀಗ ಹಾಕಿದೆ.

ಏಳನೇ ತಾರೀಖು "ಒಂಬತ್ತು" ಬಂತು. ಈ ಸಲ ಕೋಣೆಯ ಒಳಗಿನಿಂದಲ್ಲ, ಬಾಗಿಲ ಹತ್ತಿರದಿಂದ. ಮಾರನೆಯ ದಿನವೇ ರೇಡಿಯೊದ ವೈರು ಕಿತ್ತು, ಅದನ್ನು ಹೊತ್ತುಕೊಂಡು ಹೋಗಿ ಪಾರಿವಾಳದ ಗೂಡಿನಲ್ಲಿ ಕಾಳಿನ ಚೀಲದ ಮೇಲೆ ಇಟ್ಟು ಬೀಗ ಹಾಕಿದೆ. ಮುಗಿಯಿತು ಅಂದುಕೊಂಡೆ.

ನಿನ್ನೆ ತಾಯಂದಿರ ಭಾನುವಾರ. ಸಮಾಧಿಗೆ ಹಳದಿ ಹೂವು ಇಟ್ಟು ಬಂದೆ. ನಿನ್ನ ಹೆಸರಿನಲ್ಲೂ ಒಂದು ಕಟ್ಟು ಇಟ್ಟೆ, ಕೇಳದೆ ಇಟ್ಟದ್ದಕ್ಕೆ ಬೈಯಬೇಡ. ಸಂಜೆ ಆರೂವರೆಗೆ ಮೆಟ್ಟಿಲ ತುದಿಯಿಂದ "ಎಂಟು" ಅಂತ ಕೇಳಿತು. ಜೋರಾಗಿ ಅಲ್ಲ. ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗದಿರಲಿ ಅಂತ ಹೇಳುವ ಹಾಗೆ. ದನಿ ಯಾರದೆಂದು ಕೇಳಬೇಡ, ನನಗೆ ಗೊತ್ತಾಗಲಿಲ್ಲ.

ಕ್ಯಾಲೆಂಡರ್ ಹಿಡಿದು ಎಣಿಸಿದೆ. ವಾರಕ್ಕೊಂದರಂತೆ ಇಳಿದರೆ "ಒಂದು" ಬರುವುದು ಮೇ ಎರಡಕ್ಕೆ. ಅದು ಯಾವ ದಿನವೆಂದು ನಿನಗೆ ನಾನು ಹೇಳಬೇಕಾಗಿಲ್ಲ. ನಿನಗೆ ಹದಿನೆಂಟು ತುಂಬುತ್ತದೆ. ಒಂದು ಬಂದ ಮೇಲೆ ಏನು ಬರುತ್ತದೆ ಅಂತ ಯೋಚಿಸುತ್ತಾ ಕುಳಿತರೆ ಚಹಾ ಆರಿಹೋಗುತ್ತದೆ. ನನಗೆ ಹೆದರಿಕೆಯಾಗಿದೆ, ಶೆಲಿ. ಮೂವತ್ತು ವರ್ಷ ಮೀನು ಕೊಯ್ದವನು, ಈಗ ಭಾನುವಾರದ ಆಲೂಗಡ್ಡೆಯನ್ನು ಮಧ್ಯಾಹ್ನವೇ ಸುಲಿದಿಡುತ್ತೇನೆ.

ಆ ಕ್ಯಾಸೆಟ್ ನೀನು ತೆಗೆದುಕೊಂಡು ಹೋದೆಯಾ? ಡ್ರಾಯರಿನಲ್ಲಿ ಇಲ್ಲ. ಅದರಲ್ಲಿ ನಿಮ್ಮಮ್ಮ ಏನು ಹೇಳಿದ್ದಳೋ ನನಗೂ ತಿಳಿಯದು. ನಿನ್ನದು ಅಂತ ನಾನು ಕೇಳಲೇ ಇಲ್ಲ. ಸುಮ್ಮನೆ ವಿಚಾರಿಸಿದೆ ಅಷ್ಟೆ.

ಅಪ್ಪ

*

ಸ್ಕಾರ್ಬರೊ
ಮಾರ್ಚ್ 19

ಅಪ್ಪ,

ಹೌದು, ಕ್ಯಾಸೆಟ್ ನನ್ನ ಬಳಿ ಇದೆ. ಪೆಟ್ಟಿಗೆಯ ತಳದಲ್ಲಿ ಕಾಲುಚೀಲದೊಳಗೆ ಸುತ್ತಿಟ್ಟಿದ್ದೆ. ತುಂಬಿಸಿದ ದಿನದಿಂದ ಒಂದು ಸಲವೂ ಹಾಕಿ ಕೇಳಿರಲಿಲ್ಲ. ನಿನ್ನ ಕಾಗದ ಬಂದ ಮೇಲೆ ತೆಗೆದೆ.

ನಾನು ಹಾಡು ಹಿಡಿಯುತ್ತಿದ್ದ ರೀತಿ ನಿನಗೆ ಗೊತ್ತಿರಲಾರದು, ನೀನು ಯಾವಾಗ ನೋಡಿದ್ದೆ. ಹಾಡು ಮುಗಿದು ರೇಡಿಯೊದವನು ಬಾಯಿ ಬಿಟ್ಟ ತಕ್ಷಣ ನಿಲ್ಲಿಸುವ ಗುಂಡಿ ಒತ್ತಬೇಕು, ಅವನ ಹರಟೆ ಬರಬಾರದು. ಆಮೇಲೆ ಟೇಪನ್ನು ಒಂದಿಷ್ಟೇ ಇಷ್ಟು ಮುಂದಕ್ಕೆ ಓಡಿಸಬೇಕು, ಇಲ್ಲದಿದ್ದರೆ ಹಾಡಿನ ಬಾಲ ಕತ್ತರಿಸಿಹೋಗುತ್ತದೆ. ನಮ್ಮ ಶಾಲೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಹಾಗಾಗಿ ಎರಡು ಹಾಡುಗಳ ನಡುವೆ ಎರಡು ಮೂರು ಸೆಕೆಂಡು ಜಾಗ ಉಳಿದಿದೆ. ಅಲ್ಲಿ ನಾನು ಏನನ್ನೂ ತುಂಬಿಸಿಲ್ಲ. ಮುಂಚೆ ಏನಿತ್ತೋ ಅದೇ ಇದೆ.

ಅಮ್ಮ ಇದ್ದಾಳೆ.

ಹತ್ತೊಂಬತ್ತನೇ ಹಾಡಿನ ಮುಂಚೆ ಅವಳು "ಹತ್ತೊಂಬತ್ತು" ಅನ್ನುತ್ತಾಳೆ, ಕೆಮ್ಮುತ್ತಾಳೆ, ಹಾಡು ಶುರುವಾಗುತ್ತದೆ. ಹದಿನಾಲ್ಕನೇ ಹಾಡಿನ ಮುಂಚೆ "ಹದಿನಾಲ್ಕು, ನೀನು ಹಲ್ಲಿನ ಡಾಕ್ಟರ ಬೆರಳು ಕಚ್ಚಿದ್ದು", ಅಷ್ಟಕ್ಕೇ ಡ್ರಮ್ಮು. ಏಳರ ಮುಂಚೆ "ಏಳು, ಆ ಹಳದಿ ರೇನ್‌ಕೋಟು". ಆ ವಾರದ ಪಟ್ಟಿ ಬರೆದಿಟ್ಟ ನನ್ನ ನೋಟುಪುಸ್ತಕ ಪಕ್ಕದಲ್ಲಿಟ್ಟು ಎರಡು ಸಲ ತಾಳೆ ನೋಡಿದೆ. ಅವಳು ಹೇಳುವ ಸಂಖ್ಯೆ, ಆಮೇಲೆ ಬರುವ ಹಾಡಿನ ಸ್ಥಾನ, ಒಂದೂ ತಪ್ಪಿಲ್ಲ. ಅವಳು ಹೇಳಿದ್ದು ಸೆಪ್ಟೆಂಬರಿನಲ್ಲಿ, ಹಾಡು ತುಂಬಿದ್ದು ಜನವರಿಯಲ್ಲಿ. ನಾನು ಎಲ್ಲಿ ನಿಲ್ಲಿಸುತ್ತೇನೆ, ಎಷ್ಟು ಓಡಿಸುತ್ತೇನೆ ಅಂತ ಅವಳಿಗೆ ಹೇಗೆ ಗೊತ್ತಿತ್ತು?

ತಿಂಡಿ ಮುಗಿದ ಮೇಲೆ ಊಟದ ಕೋಣೆಯಲ್ಲಿ ಹಾಕಿದ್ದೆ. ಚಿಕ್ಕಮ್ಮ ತಟ್ಟೆಗಳನ್ನು ಎತ್ತಿಕೊಂಡು ಹೋಗುತ್ತಿದ್ದವಳು ಅಮ್ಮನ ದನಿಗೆ "ಬಂದೆ ಇರೆ, ಪೌಲೀನ್" ಅಂದುಬಿಟ್ಟಳು. ಆಮೇಲೆ ಅಲ್ಲೇ ಕುರ್ಚಿ ಹಿಡಿದು ಕುಳಿತಳು. ಆವತ್ತಿನಿಂದ ಆ ಕೋಣೆಗೆ ಒಬ್ಬಳೇ ಹೋಗುತ್ತಿಲ್ಲ.

ನಿನ್ನ ಮನೆಯಲ್ಲಿ ಎಣಿಸುತ್ತಿರುವುದು ಯಾರೋ ಹೆಂಗಸು ಅಂದೆಯಲ್ಲ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವನಿಗೆ ದನಿ ಗೊತ್ತಾಗಲಿಲ್ಲವಾ?

ಶೆಲಿ

*

ಹಲ್
ಮಾರ್ಚ್ 22

ಶೆಲಿ,

ಗೊತ್ತಾಯಿತು. ಹನ್ನೆರಡು ಅಂದಾಗಲೇ ಗೊತ್ತಾಯಿತು. ಕಾಗದದಲ್ಲಿ ಬರೆಯಲು ಕೈ ಬರಲಿಲ್ಲ.

ನಿನ್ನೆ "ಏಳು" ಬಂತು, ಮೆಟ್ಟಿಲ ಮಧ್ಯದಿಂದ. ಏಳು ಅಂದ ಮೇಲೆ ಇನ್ನೇನೋ ಹೇಳಲು ಉಸಿರು ಎಳೆದುಕೊಂಡ ಹಾಗೆ ಕೇಳಿತು. ನಾನು ರೇನ್‌ಕೋಟು ಅನ್ನುತ್ತಾಳೇನೋ ಅಂತ ಕಾದೆ. ಅನ್ನಲಿಲ್ಲ.

ಆ ಕ್ಯಾಸೆಟ್ಟನ್ನು ಇನ್ನು ಹಾಕಬೇಡ. ಹಾಕಲೇಬೇಕಾದರೆ ಕೊನೆಯವರೆಗೆ ಕೇಳಬೇಡ. ಇದೊಂದು ಮಾತು ನಡೆಸಿಕೊಡು.

ಅಪ್ಪ

*

ಸ್ಕಾರ್ಬರೊ
ಏಪ್ರಿಲ್ 5, ಈಸ್ಟರ್ ಸೋಮವಾರ

ಅಪ್ಪ,

ನೀನು ಕಾಗದ ಬರೆದದ್ದು ಮಾರ್ಚ್ ಇಪ್ಪತ್ತೆರಡಕ್ಕೆ. ಇಪ್ಪತ್ತೊಂದಕ್ಕೆ ಏಳು ಕೇಳಿ ರೇನ್‌ಕೋಟಿಗೆ ಕಾದೆ ಅಂದೆ. ನನ್ನ ಕಾಗದ ನಿನಗೆ ತಲುಪಿದ್ದು ಇಪ್ಪತ್ತೆರಡರ ಬೆಳಿಗ್ಗೆ ತಾನೇ? ಶನಿವಾರ ಅಂಚೆಡಬ್ಬಿಗೆ ಹಾಕಿದ್ದೆ, ಭಾನುವಾರ ಅಂಚೆ ಹಂಚುವುದಿಲ್ಲ. ಹಾಗಾದರೆ ಹಿಂದಿನ ದಿನ ರೇನ್‌ಕೋಟಿನ ವಿಷಯ ನಿನಗೆ ಹೇಗೆ ಗೊತ್ತು? ಟೇಪು ಕೇಳಲೇ ಇಲ್ಲ ಅಂದಿದ್ದೆ.

ಕೊನೆಯವರೆಗೆ ಕೇಳಿದೆ. ಬೇಡ ಅಂದರೆ ನಾನು ಬಿಡುವವಳಲ್ಲ ಅಂತ ನಿನಗೆ ಗೊತ್ತಿರಬೇಕಿತ್ತು. ನಾನು ತುಂಬಿಸಿದ ಒಂದನೇ ಸ್ಥಾನದ ಹಾಡು ಮುಗಿದ ಮೇಲೂ ಟೇಪು ಉಳಿದಿತ್ತು. ನಾನು ಯಾವತ್ತೂ ಅಲ್ಲಿಗೆ ಹೋಗಿರಲಿಲ್ಲ. ಹಾಡು ನಿಲ್ಲುತ್ತದೆ. ಅಮ್ಮನ ದನಿ ಬರುತ್ತದೆ ಅಂತ ಕಿವಿ ಹಚ್ಚಿ ಕುಳಿತೆ. ಅಮ್ಮ ಅಲ್ಲ. ಯಾರೋ ಉಸಿರಾಡುತ್ತಿದ್ದಾರೆ. ಹತ್ತಿರದಲ್ಲಿ, ಮೈಕಿನ ಮೇಲೆ ಬಗ್ಗಿದ ಹಾಗೆ. ಎರಡು ನಿಮಿಷ ನಲವತ್ತು ಸೆಕೆಂಡು. ಮಾತಿಲ್ಲ. ಮೊದಲು ಯಾರೆಂದು ತಿಳಿಯಲಿಲ್ಲ. ಆಮೇಲೆ ಒಂದೊಂದೇ ಗುರುತು ಸಿಕ್ಕಿತು. ಹಿಂದೆ ಗುಟುರು ಹಾಕುವುದು ನಿನ್ನ ಪಾರಿವಾಳಗಳು. ಕೆಮ್ಮಿ ಕೆಮ್ಮಿ ನಿಲ್ಲುವುದು ನಮ್ಮ ಹಳೆಯ ಫ್ರಿಜ್ಜು. ಕಿರ್ರೆನ್ನುವುದು ನಿನ್ನ ಕುರ್ಚಿ. ಅಳು ನುಂಗುವಾಗ ನೀನು ಗಂಟಲು ಸರಿಮಾಡಿಕೊಳ್ಳುವುದು ನನಗೆ ಗೊತ್ತು, ಅಮ್ಮನ ಮಣ್ಣಿನ ದಿನ ಪಕ್ಕದಲ್ಲೇ ಇದ್ದೆನಲ್ಲ.

ಇನ್ನೊಂದು. ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರು ಮುರಿದರೆ ಅದರ ಮೇಲೆ ಮತ್ತೆ ಏನೂ ತುಂಬುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಅಮ್ಮ ಮುರಿದಿದ್ದಳು. ಆ ತೂತು ಮುಚ್ಚಿದರೆ ಮತ್ತೆ ತುಂಬಬಹುದು; ನಾನು ಬೇಕೆಂದೇ ಅಲ್ಲಿ ಅಂಟು ಟೇಪು ಹಚ್ಚಿ ಅಳಿಸಿದೆ ಅಂತ ನೀನು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ್ದೆ. ನಾನು ತೆಗೆದುಕೊಂಡಾಗಲೇ ಅದು ಅಂಟಿತ್ತು, ಅಪ್ಪ. ಆವತ್ತು ಅದನ್ನೇ ಹೇಳಲು ಹೊರಟಿದ್ದೆ. ನಿನ್ನೆ ಬೆಳಕಿಗೆ ಹಿಡಿದು ನೋಡಿದೆ. ಕಂದು ಬಣ್ಣದ ಅಗಲ ಟೇಪು, ನೀನು ಮೀನಿನ ಪೆಟ್ಟಿಗೆಗೆ ಸುತ್ತುವಂಥದ್ದು. ಅಂಚು ಕತ್ತರಿಯದ್ದಲ್ಲ. ಚಾಕುವಿನದ್ದು, ಕೂದಲೆಳೆ ನೇರ.

ನಿನ್ನ ಉಸಿರು ಮುಗಿದ ಮೇಲೆ ಅಮ್ಮ ಇನ್ನೂ ಸ್ವಲ್ಪ ಇದ್ದಾಳೆ. ಅದನ್ನು ನಾನು ಈಗ ಹೇಳುವುದಿಲ್ಲ. ಮೊದಲು ನೀನು ನಿಜ ಬರೆ.

ಶೆಲಿ

*

ಹಲ್
ಏಪ್ರಿಲ್ 19

ಶೆಲಿ,

ಎರಡು ವಾರ ಈ ಹಾಳೆಯನ್ನು ಎದುರಿಗಿಟ್ಟುಕೊಂಡು ಕುಳಿತಿದ್ದೇನೆ. ಅಷ್ಟರಲ್ಲಿ ಅವಳು ಮೆಟ್ಟಿಲು ಇಳಿದಾಯಿತು. ನಿನ್ನೆ "ಮೂರು" ಅಂದದ್ದು ಅಡುಗೆಮನೆಯ ಬಾಗಿಲಲ್ಲಿ. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಇರುವುದಿಲ್ಲ ಅನ್ನುವುದಕ್ಕಿಂತ, ಇದ್ದರೆ ಏನು ಹೇಳಲಿ ಅಂತ.

ಕೇಳಿದ್ದೆ. ಅವಳು ಹೋಗಿ ಮೂರು ವಾರಕ್ಕೇ ಕೇಳಿದೆ. ನಿನ್ನದು ಅಂತ ಗೊತ್ತಿತ್ತು, ಆದರೂ ದನಿ ಕೇಳದೆ ಇರಲಾಗಲಿಲ್ಲ. ಅದು ಕಾಗದದ ಹಾಗೆ ಇರಲಿಲ್ಲ. ಭಾನುವಾರದ ಪಟ್ಟಿಯ ಹಾಗೆ ಮಾಡಿದ್ದಳು. ಕರೆಂಟು ಹೋದಾಗ ಸೌಟು ಹಿಡಿದು ರೇಡಿಯೊದವನ ಹಾಗೆ ನಟಿಸುತ್ತಿದ್ದಳಲ್ಲ, ಅದೇ ದನಿ. "ನಲವತ್ತಕ್ಕೆ ನನಗೆ ಉಸಿರಿಲ್ಲ, ಇಪ್ಪತ್ತು ಸಾಕು" ಅಂತ ಶುರು ಮಾಡಿ, ನಿನ್ನ ಜೊತೆ ಕಳೆದ ದಿನಗಳನ್ನು ಒಂದೊಂದಾಗಿ ಹೇಳುತ್ತಾ ಬಂದಳು. ಹಲ್ಲಿನ ಡಾಕ್ಟರು, ರೇನ್‌ಕೋಟು, ನೀನು ಅಜ್ಜಿಯ ಹಲ್ಲಿನ ಸೆಟ್ಟನ್ನು ಪಾರಿವಾಳಕ್ಕೆ ಹಾಕಿದ್ದು. ನಾನು ಒಬ್ಬನೇ ನಗುತ್ತಾ ಕುಳಿತಿದ್ದೆ. ಹತ್ತೊಂಬತ್ತರಲ್ಲಿ ಒಂದರಲ್ಲೂ ನಾನು ಇರಲಿಲ್ಲ, ಪಾರಿವಾಳಗಳು ಇದ್ದವು. ಪರವಾಗಿಲ್ಲ, ಒಂದನೇ ಸ್ಥಾನದಲ್ಲಿ ನಾನಿರುತ್ತೇನೆ ಅಂತ ಕಾದೆ.

ಒಂದನೇ ಸ್ಥಾನ, ನಿನಗೆ ಎಂಟು ವರ್ಷದ ಆಗಸ್ಟಿನ ಒಂದು ಭಾನುವಾರ. ನಾನು ಪಾರಿವಾಳ ಹಾರಿಸಲು ಹೋಗಿದ್ದೆ. ಅವಳು ನೀಲಿ ಪೆಟ್ಟಿಗೆ ತುಂಬಿ, ನಿನ್ನ ಕೈಹಿಡಿದು ಸ್ಕಾರ್ಬರೊ ರೈಲು ಹತ್ತಿದಳಂತೆ. ಬ್ರೆಂಡಾಳ ಮನೆಗೆ, ವಾಪಸು ಬರುವುದಕ್ಕಲ್ಲ. "ನಿಮ್ಮಪ್ಪನಿಗೆ ಚೀಟಿ ಕೂಡ ಬರೆದಿಡಲಿಲ್ಲ. ಬೆವರ್ಲಿ ಸ್ಟೇಷನ್ ದಾಟಿದಾಗ ಎಷ್ಟು ಹಗುರ ಆಯ್ತು ಅಂದ್ರೆ ಹಾಡಬೇಕು ಅನ್ನಿಸ್ತು" ಅಂದಳು. ನಾನು ಅಲ್ಲಿಗೇ ನಿಲ್ಲಿಸಿದೆ.

ಶೆಲಿ, ನೀವು ಹೋಗಿದ್ದು ನನಗೆ ಗೊತ್ತೇ ಇರಲಿಲ್ಲ. ನನಗೆ ಆ ಸಂಜೆ ನೆನಪಿದೆ, ಯಾಕೆಂದರೆ ಊಟ ಎಂಟೂವರೆಯಾದರೂ ಆಗಿರಲಿಲ್ಲ ಅಂತ ರೇಗಿದ್ದೆ. ಅಷ್ಟು ಮಾತ್ರ ನೆನಪಿದೆ. ನನ್ನ ಹೆಂಡತಿಯ ಬದುಕಿನ ಅತಿ ಒಳ್ಳೆಯ ದಿನ ನನ್ನನ್ನು ಬಿಟ್ಟುಹೋದ ದಿನ ಅಂತ ಅವಳು ಸತ್ತ ಮೇಲೆ ತಿಳಿಯಿತು. ಅದನ್ನು ನೀನು ಹದಿನೆಂಟಕ್ಕೆ ಕೇಳುತ್ತೀಯ ಅನ್ನುವುದು ನನ್ನಿಂದ ತಡೆಯಲಾಗಲಿಲ್ಲ. ತೂತಿಗೆ ಟೇಪು ಅಂಟಿಸಿದೆ. ಅದೊಂದು ತುಂಡು ಮಾತ್ರ ಅಳಿಸೋಣ ಅಂತ ಹಿಂದಕ್ಕೆ ಓಡಿಸಿ ಗುಂಡಿ ಒತ್ತಿ ಕುಳಿತೆ. ಆ ಉಸಿರು ಅದೇ. ನಾನು ಏನು ಮಾಡುತ್ತಿದ್ದೇನೆ ಅಂತ ಅರಿವಾದಾಗ ನಿಲ್ಲಿಸಿ, ಖಾಲಿ ಕ್ಯಾಸೆಟ್ಟುಗಳ ಜೊತೆ ಡ್ರಾಯರಿಗೆ ಎಸೆದೆ. ಟೇಪು ಕೀಳುವುದು ಮರೆತೆ.

ಎರಡು ತಿಂಗಳ ಮೇಲೆ ನೀನು ಅದನ್ನು ತುಂಬಿಸಿದೆ. ನಿಮ್ಮಮ್ಮನನ್ನು ಸಾಯಿಸಿದೆ ಅಂತ ನಾನು ಕೂಗಿದೆ. ಆ ಕೂಗಿನಲ್ಲಿ ಅರ್ಧ ಸಮಾಧಾನ ಇತ್ತು. ಇನ್ನು ಯಾರೂ ಕೇಳುವುದಿಲ್ಲ, ಬೈಗುಳವೂ ಬೇರೆಯವರಿಗೆ ಹೋಯಿತು. ತಪ್ಪು ನನ್ನದು, ಮಗಳೇ. ಹದಿನೈದು ತಿಂಗಳು ಅದನ್ನು ನಿನ್ನ ತಲೆಗೆ ಕಟ್ಟಿದ್ದೆ.

ಈಗ ಉಳಿದದ್ದನ್ನು ಹೇಳು. ಬೈದಿದ್ದರೂ ಸರಿ.

ಅಪ್ಪ

*

ಸ್ಕಾರ್ಬರೊ
ಏಪ್ರಿಲ್ 22

ಅಪ್ಪ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಸಮುದ್ರದ ಕಡೆ ನಡೆದು ಹೋಗಿ ಒಂದು ಗಂಟೆ ಸಿಟ್ಟು ಮಾಡಿಕೊಂಡು ವಾಪಸು ಬಂದೆ. ಇನ್ನೂ ಪೂರ್ತಿ ಹೋಗಿಲ್ಲ, ಹೋದಾಗ ತಿಳಿಸುತ್ತೇನೆ.

ಆ ರೈಲು ನನಗೆ ನೆನಪಿದೆ. ಪ್ರವಾಸ ಅಂದುಕೊಂಡಿದ್ದೆ. ಕಾಲ ಮೇಲೆ ಚಿಕ್ಕ ರೇಡಿಯೊ ಇಟ್ಟುಕೊಂಡು ಪಟ್ಟಿ ಕೇಳುತ್ತಿದ್ದೆ. ಚಿಕ್ಕಮ್ಮನ ಮನೆ ತಲುಪಲಿಲ್ಲ ಅನ್ನುವುದೂ ನೆನಪಿದೆ, ಯಾಕೆ ಅನ್ನುವುದು ಇರಲಿಲ್ಲ. ಆದ್ದರಿಂದ ಟೇಪಿನ ಕೊನೆಯ ಮಾತು ಮೊದಲು ಕೇಳಿದಾಗ ನನಗೆ ತಲೆಬುಡ ತಿಳಿದಿರಲಿಲ್ಲ. ನಿನ್ನ ಕಾಗದ ಓದಿದ ಮೇಲೆ ತಿಳಿಯಿತು. ನೀನು ನಿಲ್ಲಿಸಿದ ಜಾಗದಿಂದ ಮುಂದೆ ಅಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ:

"...ರೇಡಿಯೊದವನು ಇನ್ನೇನು ಒಂದನೇ ಸ್ಥಾನ ಹೇಳ್ತಾನೆ ಅನ್ನುವಾಗ ನೀನು ಅಳೋಕೆ ಶುರು ಮಾಡಿದೆ. ಅಪ್ಪ ಮನೆಗೆ ಬಂದು 'ಒಂದನೇ ಸ್ಥಾನ ಯಾವುದಕ್ಕೆ' ಅಂತ ಕೇಳ್ತಾರಲ್ಲ, ಯಾರು ಹೇಳ್ತಾರೆ, ಅಂದೆ. ಅವರು ಉತ್ತರ ಕೇಳಿಸ್ಕೊಳ್ಳಲ್ಲ ಕಣೇ ಅಂದೆ ನಾನು. ಆದ್ರೂ ಕೇಳ್ತಾರಲ್ಲ, ಅಂದೆ ನೀನು. ಡ್ರಿಫೀಲ್ಡಲ್ಲಿ ಇಳಿದು ಎದುರು ಪ್ಲಾಟ್‌ಫಾರಂನಲ್ಲಿ ಕೂತ್ವಿ. ನೀನು ನನ್ನ ತೊಡೆ ಮೇಲೆ ನಿದ್ದೆ ಹೋದೆ. ವಾಪಸು ಬಂದ್ವಿ. ಬಂದಿದ್ದಕ್ಕೆ ನಾನು ಒಂದಿನವೂ ಬೇಜಾರು ಮಾಡ್ಕೊಂಡಿಲ್ಲ. ಆ ವಾಪಸು ಬಂದ ದಾರಿನೇ ನನ್ನ ಒಂದನೇ ಸ್ಥಾನ. ಸರಿ, ಆರಿಸು ಇನ್ನು. ಅಪ್ಪನಿಗೆ ಹಸಿವಾಗಿರುತ್ತೆ."

ಇಷ್ಟೆ. ನೀನು ಇನ್ನೊಂದು ನಿಮಿಷ ತಡೆದಿದ್ದರೆ ಕೇಳಿರುತ್ತಿದ್ದೆ.

ಈಸ್ಟರಿನಲ್ಲಿ ನಾನು ಕೇಳಿದಾಗ ಮಾತು "ವಾಪಸು ಬಂದ್ವಿ" ಅನ್ನುವಲ್ಲಿಗೆ ಮುಗಿದು ಟೇಪು ಟಕ್ಕೆಂದು ನಿಂತಿತ್ತು. ಗಡಿಯಾರ ಹಿಡಿದಿದ್ದೆ, ಚಿಕ್ಕಮ್ಮನೂ ಜೊತೆಗಿದ್ದಳು. ಉಳಿದದ್ದು ಇವತ್ತು, ನಿನ್ನ ಕಾಗದ ಓದಿ ಮತ್ತೆ ಹಾಕಿದಾಗ ಬಂತು. ಎಲ್ಲಿತ್ತು ಅಂತ ನನ್ನನ್ನು ಕೇಳಬೇಡ.

ಎರಡನೇ ತಾರೀಖು ಮಧ್ಯಾಹ್ನದ ರೈಲಿಗೆ ಬರುತ್ತೇನೆ. ಇರುತ್ತೇನೋ ಇಲ್ಲವೋ ಬಂದು ನೋಡುತ್ತೇನೆ.

ಶೆಲಿ

*

ಹಲ್
ಏಪ್ರಿಲ್ 26

ಮಗಳೇ,

ನಿನ್ನ ಕಾಗದವನ್ನು ಶನಿವಾರದಿಂದ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಮಡಿಕೆಯ ಹತ್ತಿರ ಹರಿಯುತ್ತಿದೆ.

ನಿನ್ನೆ ಆರೂವರೆಗೆ ನಾನು ಮೇಜಿನ ಮುಂದೆ ಕುಳಿತಿದ್ದೆ. ಎದುರಿನ ಕುರ್ಚಿ ನಿಮ್ಮಮ್ಮನದು, ಗೊತ್ತಲ್ಲ. ಅಲ್ಲಿಂದ "ಎರಡು" ಅಂತ ಬಂತು. ಈ ಸಲ ಹೇಳಿ ಸುಮ್ಮನಾಗಲಿಲ್ಲ, ಉತ್ತರಕ್ಕೆ ಕಾದ ಹಾಗಿತ್ತು. ನಾನು ಸರಿ ಪೌಲೀನ್, ಅವಳು ಬರ್ತಿದಾಳೆ ಅಂದೆ. ಕುರ್ಚಿ ಒಂದಿಷ್ಟು ಹಿಂದಕ್ಕೆ ಸರಿಯಿತು, ಎದ್ದುಹೋಗುವವರು ಸರಿಸುವಷ್ಟು. ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳು. ಆದರೆ ಹಿಂದಿನ ಹೆದರಿಕೆ ಅಲ್ಲ.

ರೇಡಿಯೊವನ್ನು ಗೂಡಿನಿಂದ ತಂದು ಒರೆಸಿ ನಿನ್ನ ಕೋಣೆಯಲ್ಲಿಟ್ಟಿದ್ದೇನೆ. ಪಾರಿವಾಳಗಳು ಅದರ ಮೇಲೆ ಮಾಡಿದ್ದನ್ನೆಲ್ಲ ತೆಗೆದಿದ್ದೇನೆ, ಒಂದು ಗುಂಡಿ ಮಾತ್ರ ಅಂಟಿಕೊಂಡಿದೆ. ವೈರು ಸಿಕ್ಕಿಸಿಲ್ಲ. ಅದು ನೀನು ಬಂದ ಮೇಲೆ.

ಭಾನುವಾರ ಅಡುಗೆ ನನ್ನದು. ಊಟ ತಡವಾದರೆ ರೇಗುವ ಸರದಿ ನಿನ್ನದು. ಆರೂವರೆಗೆ ಮೂರು ತಟ್ಟೆ ಹಾಕಿರುತ್ತೇನೆ. ಆಗ ಒಂದನೇ ಸ್ಥಾನ ಯಾವುದಕ್ಕೆ ಅಂತ ಕೇಳುತ್ತೇನೆ. ನಿಮ್ಮಿಬ್ಬರಲ್ಲಿ ಯಾರು ಹೇಳಿದರೂ, ಈ ಸಲ ಪೂರ್ತಿ ಕೇಳಿಸಿಕೊಳ್ಳುತ್ತೇನೆ.

ಅಪ್ಪ